ಸೀಸನ್ ಎಂದರೆ ಉಪ್ಪೋ, ಒಗ್ಗರಣೆಯೋ, ಕಾವಲಿ ಪಳಗಿಸುವುದೋ?

ಹೊಸ ಬೀಡಿನ (ಎರಕದ ಕಬ್ಬಿಣದ) ಕಾವಲಿಯ ಪೆಟ್ಟಿಗೆಯ ಮೇಲೆ ‘ಪ್ರಿ-ಸೀಸನ್ಡ್’ ಎಂದು ಅಚ್ಚಾಗಿರುತ್ತದೆ. ಚಿಪ್ಸ್ ಪೊಟ್ಟಣದ ಬೆನ್ನಲ್ಲಿ ‘ಸೀಸನಿಂಗ್’ ಎಂದಿರುತ್ತದೆ. ಇಂಗ್ಲಿಷ್ ಅಡುಗೆ ಬರಹದ ಕೊನೆಯ ಸಾಲಿನಲ್ಲಿ ‘ಸೀಸನ್ ಟು ಟೇಸ್ಟ್’ ಬರುತ್ತದೆ. ಪದ ಒಂದೇ, ಮಾಡಬೇಕಾದ ಕೆಲಸ ಮೂರು ಬಗೆ. ಕಾಸರಗೋಡಿನ ಕನ್ನಡಿಗರಿಗೆ ಇದು ಸ್ವಲ್ಪ ವಿಚಿತ್ರವಾಗಿ ಕಂಡರೆ ತಪ್ಪಿಲ್ಲ. ಪಕ್ಕದ ಮನೆಯ ಮಲಯಾಳದಲ್ಲಿ ಚಟ್ಟಿಯನ್ನು ‘ಮಯಕ್ಕುವುದು’ ಬೇರೆ, ಸಾರಿಗೆ ‘ವರವಿಡುವುದು’ ಬೇರೆ. ನಮ್ಮಲ್ಲೂ ಪಳಗಿಸುವುದು, ಒಗ್ಗರಣೆ ಕೊಡುವುದು, ಉಪ್ಪು ಖಾರ ನೋಡುವುದು ಎಂದು ಒಂದೊಂದಕ್ಕೂ ಬೇರೆ ಮಾತಿದೆ.

ಈ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ಬಿತ್ತನೆಯಲ್ಲಿದೆ. ಬಿತ್ತುವ ಹೊತ್ತು ಎಂಬುದರಿಂದ ಋತು ಎಂಬ ಅರ್ಥ ಬಂತು. ಹಳೆಯ ಫ್ರೆಂಚಿನಲ್ಲಿ ಅದೇ ಬೇರಿನ ಕ್ರಿಯಾಪದಕ್ಕೆ ಹಣ್ಣಾಗಿಸು, ಹದಕ್ಕೆ ತರು ಎಂಬ ಅರ್ಥವಿತ್ತು. ಅಡುಗೆಯ ಎಲ್ಲ ಅರ್ಥಗಳೂ ಆ ‘ಹದ’ದ ಸುತ್ತ ಇರುವವು. ಓದುವಾಗ ಗೊಂದಲವಾದರೆ ಹದಕ್ಕೆ ಬರಬೇಕಾದದ್ದು ಯಾವುದು ಎಂದು ನೋಡಿದರೆ ಸಾಕು. ಸಾರು, ಮೀನು, ತರಕಾರಿಯಾದರೆ ಉಪ್ಪು ಮತ್ತು ಕಾಳುಮೆಣಸು. ಪಟ್ಟಿಯಲ್ಲಿ ಎಣ್ಣೆ, ಸಾಸಿವೆ, ಕರಿಬೇವು ಒಟ್ಟಿಗಿದ್ದರೆ ಒಗ್ಗರಣೆ. ಪಾತ್ರೆಯಾದರೆ ಪಳಗಿಸುವುದು. ಮರವಾದರೆ ಒಣಗಿಸುವುದು.

ಸೀಸನ್ ಟು ಟೇಸ್ಟ್: ಉಪ್ಪಿನ ಲೆಕ್ಕ

ಪಾಶ್ಚಾತ್ಯ ಅಡುಗೆ ಬರಹದಲ್ಲಿ ಬರೀ ‘ಸೀಸನ್’ ಎಂದಿದ್ದರೆ ಉಪ್ಪು ಮತ್ತು ಕಾಳುಮೆಣಸಿನ ಪುಡಿ ಎಂದೇ ತಿಳಿಯಬೇಕು. ಮೆಣಸಿನಪುಡಿ, ಅರಸಿನ, ಕೊತ್ತಂಬರಿ ಅದರಲ್ಲಿ ಸೇರುವುದಿಲ್ಲ. ನಾಲ್ಕು ಜನರ ಅಡುಗೆಗೆ ಆಗಷ್ಟೇ ಕುಟ್ಟಿದ ಕಾಳುಮೆಣಸು ಕಾಲು ಚಮಚ ಸಾಕು. ಕಂಗಿನ ಮರಕ್ಕೆ ಬಳ್ಳಿ ಹಬ್ಬಿಸಿರುವ ಮನೆಯವರು ಅಂಗಡಿಯ ಪುಡಿ ತರಬೇಕಾಗಿಯೇ ಇಲ್ಲ.

‘ರುಚಿಗೆ ತಕ್ಕಷ್ಟು’ ಎಂಬುದಕ್ಕೂ ಅಳತೆಯಿದೆ. ತೂಕದ ಶೇಕಡಾ 1ರ ಆಸುಪಾಸಿನಲ್ಲಿ ಉಪ್ಪಿದ್ದರೆ ಹೆಚ್ಚಿನವರ ನಾಲಿಗೆಗೆ ಸರಿ ಎನಿಸುತ್ತದೆ. ಸಾರು, ಕೊದಿಲಿನಂಥ ನೀರಿನ ಪದಾರ್ಥಕ್ಕೆ ಅದಕ್ಕಿಂತ ತುಸು ಕಡಿಮೆ. 5 ಮಿಲಿಲೀಟರಿನ ಅಳತೆ ಚಮಚಕ್ಕೆ ತಲೆ ಸವರಿದ ಪುಡಿ ಉಪ್ಪು ಸುಮಾರು 6 ಗ್ರಾಂ. ಅರ್ಧ ಕಿಲೋ ಅಲಸಂಡೆಯ ಪಲ್ಯಕ್ಕೆ ಒಂದು ಚಮಚಕ್ಕೆ ಸ್ವಲ್ಪ ಕಡಿಮೆ, ಒಂದು ಲೀಟರ್ ಕೊದಿಲಿಗೆ ಒಂದೂಕಾಲು ಚಮಚ. ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಇರುವುದರಿಂದ ಅದೇ ಚಮಚದಲ್ಲಿ ಕಡಿಮೆ ತೂಗುತ್ತದೆ. ಪುಡಿಯಿಂದ ಕಲ್ಲುಪ್ಪಿಗೆ, ಕಲ್ಲುಪ್ಪಿನಿಂದ ಪುಡಿಗೆ ಬದಲಾಯಿಸಿದ ವಾರ ಅಡುಗೆ ಏರುಪೇರಾಗುವುದು ಇದರಿಂದಲೇ. ಮಳೆಗಾಲದಲ್ಲಿ ನೀರೊಡೆದ ಉಪ್ಪಿನ ಚಮಚಕ್ಕೂ ಬೇಸಗೆಯ ಒಣ ಉಪ್ಪಿನ ಚಮಚಕ್ಕೂ ವ್ಯತ್ಯಾಸ ಇರುತ್ತದೆ.

ಮೊದಲಿಗೆ ಲೆಕ್ಕದ ಮುಕ್ಕಾಲು ಪಾಲು ಮಾತ್ರ ಹಾಕಿ. ಕುದಿಯುತ್ತಾ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಒಂದು ಲೀಟರಿಗೆ 8 ಗ್ರಾಂ ಹಾಕಿದ ಸಾರು ಬತ್ತಿ ಮುಕ್ಕಾಲು ಲೀಟರ್ ಆದರೆ ಶೇಕಡಾ 0.8 ಇದ್ದ ಉಪ್ಪು 1.07 ಆಗಿರುತ್ತದೆ. ಕಾಯಿ ಅರೆದು ಹಾಕುವ ಪದಾರ್ಥವಾದರೆ ಅರಪ್ಪು ಬಿದ್ದು ಒಂದು ಕುದಿ ಬಂದ ಮೇಲೆಯೇ ಕೊನೆಯ ಪಾಲು. ತೆಂಗಿನಕಾಯಿ ಉಪ್ಪನ್ನು ಮೆತ್ತಗೆ ಮಾಡುತ್ತದೆ, ಹಾಗಾಗಿ ಮೊದಲು ನೋಡಿದ ರುಚಿಗೆ ಅರ್ಥವಿಲ್ಲ. ಕುದಿಯುವ ಸಾರನ್ನು ನೇರ ನಾಲಿಗೆಗೆ ಬಿಟ್ಟು ರುಚಿ ನೋಡಿದರೂ ಉಪ್ಪು ತಿಳಿಯದು. ಬಟ್ಟಲಿಗೆ ಹಾಕಿ ಬೆಚ್ಚಗಾದ ಮೇಲೆ ನೋಡಬೇಕು.

ಹರಿವೆ ಸೊಪ್ಪಿನ ಪಲ್ಯದಲ್ಲಿ ಕೈ ತಪ್ಪುವವರು ಬಹಳ. ಬಾಣಲೆ ತುಂಬ ಕಂಡ ಸೊಪ್ಪು ಬೆಂದಾಗ ಹಿಡಿಯಷ್ಟಾಗುತ್ತದೆ. ಅದು ಕುಸಿದು ನೀರು ಬಿಟ್ಟ ಮೇಲೆ ಉಪ್ಪು ಹಾಕಿ. ಉಪ್ಪುಸೊಳೆಯ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ) ಪಲ್ಯ, ರೊಟ್ಟಿಗೆ ಸೊಳೆಯನ್ನು ಎರಡು ಮೂರು ಗಂಟೆ ನೀರಲ್ಲಿ ಹಾಕಿ, ನಡುವೆ ನೀರು ಬದಲಿಸಿ, ಹಿಂಡಿ, ಒಂದು ಚೂರು ಬಾಯಿಗೆ ಹಾಕಿ ನೋಡುವ ತನಕ ಉಪ್ಪಿನ ಭರಣಿ ಮುಟ್ಟಬಾರದು. ‘ಸೀಸನ್’ ಆಗಿಯೇ ಬಂದಿರುವ ತರಕಾರಿ ಅದು.

‘ಸೀಸನ್ ದ ಫಿಶ್’ ಎಂದಿದ್ದಲ್ಲಿ ಹುರಿಯುವ ಮೊದಲು ಎರಡೂ ಬದಿಗೆ ಉಪ್ಪು, ಕಾಳುಮೆಣಸು ಸವರುವುದು ಎಂದರ್ಥ. ನಮ್ಮ ಕೆಂಪು ಮಸಾಲೆ ಹಚ್ಚಿಡುವುದಕ್ಕೆ ಅವರು ‘ಮ್ಯಾರಿನೇಟ್’ ಎನ್ನುತ್ತಾರೆ. ಕಿಲೋ ಮೀನಿಗೆ 10ರಿಂದ 12 ಗ್ರಾಂ, ಅಂದರೆ ಸುಮಾರು ಎರಡು ಚಮಚ ಉಪ್ಪು. ಉಪ್ಪು ಬಿದ್ದ ಕೆಲವೇ ನಿಮಿಷಕ್ಕೆ ಮೀನಿನ ಮೈ ಬೆವರುತ್ತದೆ. ಆ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆಯದೆ ಎಣ್ಣೆಗೆ ಬಿಟ್ಟರೆ ಎಣ್ಣೆ ಸಿಡಿಯುತ್ತದೆ, ಮೀನಿನ ತೊಗಲು ಕಾವಲಿಗೆ ಅಂಟುತ್ತದೆ.

ಉಪ್ಪು ಹೆಚ್ಚಾದರೆ ಬಟಾಟೆ ಹಾಕಿ ತೆಗೆಯುವ ಉಪಾಯ ಎಲ್ಲ ಮನೆಗಳಲ್ಲೂ ಇದೆ. ಅದರಿಂದ ಆಗುವುದು ಅತ್ಯಲ್ಪ. ಬಟಾಟೆ ಉಪ್ಪನ್ನಷ್ಟೇ ಹೆಕ್ಕಿ ಕುಡಿಯುವುದಿಲ್ಲ, ಉಪ್ಪು ನೀರನ್ನು ಕುಡಿಯುತ್ತದೆ. ಉಳಿದ ಸಾರು ಅಷ್ಟೇ ಉಪ್ಪಾಗಿರುತ್ತದೆ. ಕೆಲಸ ಮಾಡುವುದು ಹಿಗ್ಗಿಸುವುದೊಂದೇ: ಉಪ್ಪಿಲ್ಲದ ಬೇಯಿಸಿದ ಬೇಳೆ, ಇನ್ನಷ್ಟು ಕಾಯಿ ಅರಪ್ಪು, ಬಿಸಿನೀರು.

ಒಗ್ಗರಣೆಯ ಅರ್ಥದಲ್ಲಿ

ಭಾರತದಲ್ಲಿ ಬರೆದ ಇಂಗ್ಲಿಷ್ ಅಡುಗೆ ಪುಸ್ತಕಗಳು ಒಗ್ಗರಣೆಗೆ ‘ಸೀಸನಿಂಗ್’ ಎಂದೂ ‘ಟೆಂಪರಿಂಗ್’ ಎಂದೂ ಬರೆಯುತ್ತವೆ. ‘ಫಾರ್ ಸೀಸನಿಂಗ್’ ಎಂಬ ತಲೆಬರಹದ ಕೆಳಗೆ ಸಾಸಿವೆ ಕಂಡಿತೆಂದರೆ ಸಂಶಯವೇ ಬೇಡ. ಹೊರದೇಶದ ಪುಸ್ತಕದಲ್ಲಿ ಕಾದ ಎಣ್ಣೆಯ ಸುದ್ದಿಯೇ ಇರದು. ಅಲ್ಲಿ ಟೆಂಪರಿಂಗ್ ಎಂದಿದ್ದರೆ ಹೆಚ್ಚಾಗಿ ಚಾಕಲೇಟನ್ನು ಕರಗಿಸಿ ತಣಿಸಿ ಹೊಳಪು ತರುವ ಕೆಲಸ, ನಮಗೆ ಸಂಬಂಧವಿಲ್ಲ.

ಒಂದು ಲೀಟರ್ ಸಾಂಬಾರು ಅಥವಾ ಕೊದಿಲಿಗೆ ತೆಂಗಿನೆಣ್ಣೆ ಎರಡು ಚಮಚ, ಸಾಸಿವೆ ಅರ್ಧ ಚಮಚ, ಒಣಮೆಣಸು ಒಂದು, ಕರಿಬೇವು ಎಂಟು ಹತ್ತು ಎಲೆ. ಬೆಳ್ಳುಳ್ಳಿ ಒಗ್ಗರಣೆಯಾದರೆ ಜಜ್ಜಿದ ಐದಾರು ಎಸಳು. ಎಣ್ಣೆಗೆ ಒಂದೇ ಸಾಸಿವೆ ಹಾಕಿ ನೋಡಿ. ಸಿಡಿದರೆ ಉಳಿದದ್ದು ಹಾಕಿ, ಸುಮ್ಮನೆ ಮುಳುಗಿದರೆ ಕಾಯಿರಿ. ಮುಕ್ಕಾಲು ಪಾಲು ಸಿಡಿದಾಗ ಉರಿ ಇಳಿಸಿ ಮೆಣಸು, ಕೊನೆಗೆ ನೀರಾರಿದ ಕರಿಬೇವು. ಸಿಡಿಯದ ಸಾಸಿವೆ ಹಸಿಯಾಗಿ ಕಹಿ, ಕರಟಿದ ಸಾಸಿವೆ ಇನ್ನೂ ಕಹಿ. ಬೆಳ್ಳುಳ್ಳಿಗೆ ಹೆಚ್ಚು ಹೊತ್ತು ಬೇಕಾದ್ದರಿಂದ ಎಣ್ಣೆ ಬೆಚ್ಚಗಿರುವಾಗಲೇ ಹಾಕಬೇಕು, ಅಂಚು ಹಳದಿಯಾಗುವಾಗ ಸಾಸಿವೆ. ಮಾರುಕಟ್ಟೆಯಿಂದ ತಂದ ಶುದ್ಧೀಕರಿಸದ ತೆಂಗಿನೆಣ್ಣೆ 175 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೊಗೆಯಾಡುತ್ತದೆ, ಹಾಗಾಗಿ ಒಗ್ಗರಣೆ ಸೌಟನ್ನು ಒಲೆಯಲ್ಲಿಟ್ಟು ಈರುಳ್ಳಿ ಹೆಚ್ಚಲು ಕೂರಬೇಡಿ. ಕೊದಿಲಿಗೆ ಸುರಿದು ತಕ್ಷಣ ಮುಚ್ಚಿದರೆ ಪರಿಮಳ ಒಳಗೇ ನಿಲ್ಲುತ್ತದೆ. ತಂಬುಳಿಗಾದರೆ ಒಂದೆರಡು ನಿಮಿಷ ಆರಿಸಿ ಹಾಕಿ, ಇಲ್ಲವಾದರೆ ಮಜ್ಜಿಗೆ ಒಡೆಯುತ್ತದೆ.

ಪೊಟ್ಟಣದ ಮೇಲಿನ ‘ಸೀಸನಿಂಗ್’ ಎಂದರೆ ಉಪ್ಪು ಸೇರಿದ ಮಸಾಲೆ ಪುಡಿ. ಅದನ್ನು ಹಾಕುವ ಅಡುಗೆಗೆ ಬೇರೆ ಉಪ್ಪನ್ನು ಕೊನೆಯಲ್ಲಿ ನೋಡಿ ಹಾಕಿ. ‘ಸೀಸನ್ಡ್ ಫ್ಲೋರ್’ ಎಂದರೆ ಉಪ್ಪು, ಕಾಳುಮೆಣಸು ಕಲಸಿದ ಮೈದಾ. ‘ಸೀಸನ್ಡ್ ರೈಸ್ ವಿನೆಗರ್’ನಲ್ಲಿ ಉಪ್ಪು, ಸಕ್ಕರೆ ಮೊದಲೇ ಇರುತ್ತವೆ. ‘ಚೆಕ್ ದ ಸೀಸನಿಂಗ್’ ಎಂದರೆ ಒಲೆಯಿಂದ ಇಳಿಸುವ ಮೊದಲು ಉಪ್ಪು ನೋಡು ಎಂದಷ್ಟೆ.

ಕಾವಲಿ ಪಳಗಿಸುವುದು

ಜಾಸ್ತಿ ಜನ ಎಡವುವ ಜಾಗ ಇದು. ಕಾದ ಕಬ್ಬಿಣದ ಮೇಲೆ ತೆಳುವಾಗಿ ಸವರಿದ ಎಣ್ಣೆ ಹೊಗೆಯಾಡುವಷ್ಟು ಬಿಸಿಯಾದಾಗ ಗಾಳಿಯ ಆಮ್ಲಜನಕದೊಂದಿಗೆ ಬೆರೆತು, ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಆಮೇಲೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ತೊಳೆದರೂ ಹೋಗುವುದಿಲ್ಲ. ಕಾವಲಿಯ ಕಪ್ಪು ಹೊಳಪು ಎಂದರೆ ಈ ಪೊರೆಯೇ.

ಹಾಗಾದರೆ ಯಾವ ಎಣ್ಣೆ? ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ, ಆದರೆ ಈ ಕೆಲಸಕ್ಕೆ ಅದು ಸಲ್ಲದು. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇಕಡಾ 90ರಷ್ಟು ಸ್ಯಾಚುರೇಟೆಡ್ ಬಗೆಯದು. ಹೆಣೆದುಕೊಳ್ಳಲು ಬೇಕಾದ ಬಿಡಿ ಕೊಂಡಿಗಳು ಅದರಲ್ಲಿ ಬಹಳ ಕಡಿಮೆ. ಎಷ್ಟು ಕಾಯಿಸಿದರೂ ಪೊರೆ ಗಟ್ಟಿಯಾಗದು. ಸೂರ್ಯಕಾಂತಿ ಎಣ್ಣೆ ಅಥವಾ ಎಳ್ಳೆಣ್ಣೆ ಒಳ್ಳೆಯದು. ಅಗಸೆ ಎಣ್ಣೆಯ ಪೊರೆ ತುಂಬ ಗಟ್ಟಿ ಬರುತ್ತದೆ, ಆದರೆ ಕೆಲವು ತಿಂಗಳಲ್ಲಿ ಚಕ್ಕೆ ಚಕ್ಕೆಯಾಗಿ ಏಳುವ ದೋಷ ಅದಕ್ಕಿದೆ. ಪೊರೆ ಬಂದ ಮೇಲೆ ದಿನನಿತ್ಯ ದೋಸೆ ಎರೆಯುವಾಗ ಸವರಲು ತೆಂಗಿನೆಣ್ಣೆ ಧಾರಾಳ ಬಳಸಬಹುದು.

1. ತೊಳೆಯುವುದು. ಅಂಗಡಿಯಿಂದ ಬಂದ ಕಾವಲಿಗೆ ತುಕ್ಕು ಹಿಡಿಯದಂತೆ ಗ್ರೀಸ್ ಅಥವಾ ಮೇಣ ಸವರಿರುತ್ತಾರೆ. ಬಿಸಿನೀರು, ಸಾಬೂನು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ. ಬಿಳಿ ಬಟ್ಟೆಯಲ್ಲಿ ಒರಸಿದಾಗ ಜಿಡ್ಡು ಬರಬಾರದು. ಮೇಲ್ಮೈ ತರಿತರಿಯಾಗಿದ್ದರೆ 80ರ ಸ್ಯಾಂಡ್ ಪೇಪರಿನಲ್ಲಿ, ಆಮೇಲೆ 120ರದ್ದರಲ್ಲಿ ಉಜ್ಜಿ ತೊಳೆಯಿರಿ. ತುಕ್ಕಿದ್ದರೆ ಹುಣಸೆಹುಳಿಯ ಗಟ್ಟಿ ನೀರು ಸವರಿ ಅರ್ಧ ಗಂಟೆ ಬಿಟ್ಟು ತಿಕ್ಕಿದರೆ ಹುಳಿಯ ಆಮ್ಲ ಅದನ್ನು ಬಿಡಿಸುತ್ತದೆ. ರಾತ್ರಿಯಿಡೀ ಬಿಟ್ಟರೆ ಹೊಸ ತುಕ್ಕು ಬರುತ್ತದೆ.

2. ಒಣಗಿಸುವುದು. ಒರಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಇಡಿ. ಬೀಡಿನ ಸಣ್ಣ ರಂಧ್ರಗಳಲ್ಲಿ ನೀರು ಉಳಿದರೆ ಎಣ್ಣೆ ಹಿಡಿಯದು.

3. ಎಣ್ಣೆ ಸವರಿ, ಒರಸಿ ತೆಗೆಯುವುದು. 12 ಇಂಚಿನ ಕಾವಲಿಗೆ ಅರ್ಧ ಚಮಚ ಸಾಕು. ಮೇಲೆ, ಕೆಳಗೆ, ಹಿಡಿಗೆ ಎಲ್ಲ ಕಡೆಗೂ ಹಚ್ಚಿ. ಆಮೇಲೆ ಒಣಬಟ್ಟೆಯಲ್ಲಿ, ಹಚ್ಚಿದ್ದೇ ತಪ್ಪು ಎನ್ನುವ ಹಾಗೆ ಪೂರ್ತಿ ಒರಸಿ. ಬೆರಳು ಆಡಿಸಿದರೆ ಜಿಡ್ಡು ಅಂಟಬಾರದು. ಅಂಟು ಅಂಟಾದ ಕಾವಲಿಗಳಲ್ಲಿ ಹೆಚ್ಚಿನವು ಇಲ್ಲೇ ಕೆಟ್ಟವು.

4. ಕಾಯಿಸುವುದು. ಕಿಟಕಿ ತೆರೆದು ನಡು ಉರಿಯಲ್ಲಿಡಿ. ಹೊಗೆ ಎದ್ದು, ಏರಿ, ತಾನಾಗಿ ನಿಲ್ಲುವ ತನಕ ಕಾಯಿಸಿ. 15ರಿಂದ 20 ನಿಮಿಷ ಬೇಕು. ಗ್ಯಾಸ್ ಒಲೆಯಲ್ಲಿ ನಡುಭಾಗ ಬೇಗ ಕಾಯುತ್ತದೆ, ಅಂಚು ಹಿಂದುಳಿಯುತ್ತದೆ. ಐದೈದು ನಿಮಿಷಕ್ಕೊಮ್ಮೆ ಕಾವಲಿಯನ್ನು ಸರಿಸಿ ಒಂದೊಂದು ಬದಿ ಉರಿಯ ಮೇಲೆ ಬರುವಂತೆ ಮಾಡಿ. ಕಟ್ಟಿಗೆ ಒಲೆಯಿದ್ದವರಿಗೆ ಈ ತಾಪತ್ರಯ ಕಡಿಮೆ. ಇಂಡಕ್ಷನ್ ಮೇಲಾದರೆ ಕಡಿಮೆ ಶಕ್ತಿಯಿಂದ ಆರಂಭಿಸಿ ನಿಧಾನಕ್ಕೆ ಏರಿಸಿ. ಒಮ್ಮೆಗೇ ಪೂರ್ತಿ ಇಟ್ಟರೆ ಬೀಡು ಬಿರಿಯುವುದುಂಟು.

5. ತಣಿಸಿ ಮತ್ತೆ. ಅದರಷ್ಟಕ್ಕೆ ಆರಲು ಬಿಡಿ, ನೀರು ಹಾಕಬೇಡಿ. ಮೂರು, ನಾಲ್ಕನೆಯ ಹೆಜ್ಜೆಯನ್ನು ನಾಲ್ಕರಿಂದ ಆರು ಸಲ ಮಾಡಿ. ಬೂದು ಬಣ್ಣ ಕಂದಾಗಿ, ಕಂದು ಕಪ್ಪಾಗುತ್ತದೆ. ಒಂದೇ ಸಲಕ್ಕೆ ಕಪ್ಪಾಗಿಲ್ಲವೆಂದು ಎಣ್ಣೆ ಹೆಚ್ಚು ಸುರಿಯಬೇಡಿ.

6. ಮೊದಲ ಬಳಕೆ. ಹೆಚ್ಚಿದ ಎರಡು ಈರುಳ್ಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಕಪ್ಪಾಗುವ ತನಕ ಬಾಡಿಸಿ ಚೆಲ್ಲಿ. ಆಮೇಲೆ ದಪ್ಪದ ಉದ್ದಿನ ದೋಸೆಯಿಂದ ಶುರುಮಾಡಿ. ಮೊದಲ ಎರಡು ಮೂರು ಹರಿದರೆ ಹರಿಯಲಿ. ನೀರುದೋಸೆ, ತೆಳ್ಳವು ಎರೆಯುವುದು ಒಂದೆರಡು ವಾರ ಕಳೆದ ಮೇಲೆ. ತೆಳು ಹಿಟ್ಟು ಪೊರೆಯ ಸಣ್ಣ ಕೊರತೆಯನ್ನೂ ಕ್ಷಮಿಸುವುದಿಲ್ಲ.

‘ಪ್ರಿ-ಸೀಸನ್ಡ್’ ಎಂದು ಬರೆದಿದ್ದರೂ ಕಾರ್ಖಾನೆ ಹಾಕುವುದು ಒಂದೆರಡು ಪದರ ಮಾತ್ರ. ಬಿಸಿನೀರಲ್ಲಿ ತೊಳೆದು, ಮೇಲಿನ ಕ್ರಮ ಎರಡು ಸಲ ಮಾಡಿ ಬಳಸಿ. ನಾನ್‌ಸ್ಟಿಕ್ ತವಾದ ಕೈಪಿಡಿಯಲ್ಲೂ ‘ಸೀಸನ್’ ಎಂದಿರುತ್ತದೆ. ಅಲ್ಲಿ ಒಂದು ಹನಿ ಎಣ್ಣೆ ಸವರಿ ಒರಸುವುದಷ್ಟೇ. ಅದನ್ನು ಬೀಡಿನಂತೆ ಹೊಗೆ ಬರಿಸಿ ಕಾಯಿಸಲೇಬಾರದು: ಅದರ ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡತೊಡಗಿ ಕೆಟ್ಟ ಆವಿ ಬಿಡುತ್ತದೆ.

ದೋಸೆ ಏಳುವುದಿಲ್ಲವೆಂದರೆ ಪೊರೆಯನ್ನು ದೂರುವ ಮೊದಲು ಬಿಸಿ ನೋಡಿ. ನೀರು ಚಿಮುಕಿಸಿದಾಗ ಚೊಂಯ್ ಎಂದು ಆರಿದರೆ ಉದ್ದಿನ ದೋಸೆಗೆ ಹದ. ಹನಿಗಳು ಉರುಟು ಮಣಿಯಾಗಿ ಓಡಾಡಿದರೆ ಅದಕ್ಕೆ ಅತಿ ಬಿಸಿ. ಹಿಟ್ಟು ಹರಡುವ ಮೊದಲೇ ಕಚ್ಚಿಕೊಳ್ಳುತ್ತದೆ. ನೀರುದೋಸೆಗೆ ಮಾತ್ರ ಆ ಬಿಸಿಯೇ ಬೇಕು, ಕಾವು ಸಾಲದಿದ್ದರೆ ತೂತು ಬೀಳುವುದಿಲ್ಲ, ಮುದ್ದೆಯಾಗುತ್ತದೆ. ಬಿಸಿ ಸರಿಯಿದ್ದೂ ಏಳದಿದ್ದರೆ ಅದೇ ಕಾವಲಿಯಲ್ಲಿ ಯಾರಾದರೂ ಚಪಾತಿ ಮಾಡಿದರೇ ಎಂದು ಕೇಳಿ. ಎಣ್ಣೆಯಿಲ್ಲದೆ ಬಹಳ ಹೊತ್ತು ಕಾದಾಗ ಪೊರೆ ಉರಿದುಹೋಗುತ್ತದೆ, ಉದುರಿದ ಒಣ ಹಿಟ್ಟು ಕರಟಿ ಅಂಟುತ್ತದೆ. ಮದುವೆಯಾಗಿ ಬಂದ ಸೊಸೆಗೂ ಅತ್ತೆಗೂ ಎರಡು ಕಾವಲಿ ಬೇಕಿಲ್ಲ, ದೋಸೆಗೂ ಚಪಾತಿಗೂ ಮಾತ್ರ ಖಂಡಿತ ಬೇಕು.

ಪೊರೆ ಅಂಟಂಟಾಗಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ಕಾವು ಸಾಲಲಿಲ್ಲ. ಹೊಸ ಎಣ್ಣೆ ಹಾಕದೆ ಇನ್ನೊಂದು ಸಲ ಪೂರ್ತಿ ಕಾಯಿಸಿ. ಚಕ್ಕೆ ಏಳುತ್ತಿದ್ದರೆ ತಿಕ್ಕಿ ತೆಗೆದು ಆ ಭಾಗಕ್ಕೆ ಮೊದಲಿನಿಂದ. ಹೊಸ ಬೀಡಿನ ಬಾಣಲೆಯಲ್ಲಿ ಹುಣಸೆ, ಟೊಮೆಟೊ ಹಾಕಿದ ಹುಳಿ ಕುದಿಸಿದರೆ ಪೊರೆ ಕರಗಿ ಪದಾರ್ಥವೂ ಕಪ್ಪಾಗುತ್ತದೆ. ಸಾಬೂನು ತಾಗಿದರೆ ಕಾವಲಿ ಹಾಳು ಎಂಬ ಮಾತು ಹಳೆಯ ಕಾಸ್ಟಿಕ್ ಸಾಬೂನಿನ ಕಾಲದ್ದು. ಈಗಿನ ಪಾತ್ರೆ ತೊಳೆಯುವ ದ್ರವದಲ್ಲಿ ಒಮ್ಮೊಮ್ಮೆ ತೊಳೆದರೆ ಏನೂ ಆಗದು, ನೀರಲ್ಲಿ ನೆನೆಹಾಕುವುದೇ ನಿಜವಾದ ಹಾನಿ.

ಮಂಜೇಶ್ವರದಿಂದ ಹೊಸದುರ್ಗದ ತನಕ ಮಳೆಗಾಲದಲ್ಲಿ ಕಬ್ಬಿಣ ಉಳಿಸಿಕೊಳ್ಳುವುದೇ ಒಂದು ಕೆಲಸ. ತೊಳೆದ ಕೂಡಲೆ ಒಲೆಯಲ್ಲಿ ಎರಡು ನಿಮಿಷ ಒಣಗಿಸಿ, ಬಿಸಿ ಇರುವಾಗಲೇ ಎಣ್ಣೆ ಬಟ್ಟೆ ಆಡಿಸಿ. ಆಟಿಯಲ್ಲಿ ಹಲವು ದಿನ ಬಳಸದೆ ಇಡುವುದಾದರೆ ಕಾಗದ ಸುತ್ತಿ ಒಲೆಯ ಬಳಿ ತೂಗುಹಾಕಿ. ಪ್ಲಾಸ್ಟಿಕ್ ಚೀಲ ಒಳಗಿನ ತೇವವನ್ನು ಹಿಡಿದಿಡುತ್ತದೆ, ಬೇಡ.

ಮಣ್ಣಿನ ಚಟ್ಟಿ, ಅಳಗೆ

ಇಲ್ಲಿ ಕೆಲಸ ಬೇರೆ: ಮಣ್ಣಿನ ರಂಧ್ರಗಳನ್ನು ಗಂಜಿಯ ಪಿಷ್ಟದಿಂದ ಮುಚ್ಚುವುದು, ಪಾತ್ರೆಗೆ ಕಾವನ್ನು ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸುವುದು. ಹೊಸ ಚಟ್ಟಿಯನ್ನು 24 ಗಂಟೆ ನೀರಲ್ಲಿ ಮುಳುಗಿಸಿಡಿ. ಗುಳ್ಳೆ ಏಳುವುದು ನಿಂತರೆ ನೀರು ಕುಡಿದಿದೆ ಎಂದು ಲೆಕ್ಕ. ನೆರಳಲ್ಲಿ ಒಣಗಿಸಿ ಒಳಗೆ ತೆಂಗಿನೆಣ್ಣೆ ಸವರಿ. ಇಲ್ಲಿ ಅದು ಸಲ್ಲುತ್ತದೆ, ಪೊರೆ ಕಟ್ಟುವ ಪ್ರಶ್ನೆಯಿಲ್ಲವಲ್ಲ. ಮುಕ್ಕಾಲು ಭಾಗ ಕುಚ್ಚಿಲಕ್ಕಿಯ ಗಂಜಿ ತೆಳಿ ತುಂಬಿ ಅತಿ ಸಣ್ಣ ಉರಿಯಲ್ಲಿಟ್ಟು, ಅರ್ಧದಿಂದ ಮುಕ್ಕಾಲು ಗಂಟೆಯಲ್ಲಿ ಕುದಿ ಬರುವಂತೆ ನೋಡಿ. ಹಾಗೆಯೇ ತಣಿಯಲು ಬಿಟ್ಟು ಮಾರನೆಯ ದಿನ ಚೆಲ್ಲಿ. ಎರಡು ಮೂರು ದಿನ ಹೀಗೆ ಮಾಡಿದರೆ ಮಣ್ಣಿನ ವಾಸನೆ ಹೋಗುತ್ತದೆ, ತಳ ಜಿನುಗುವುದು ನಿಲ್ಲುತ್ತದೆ.

ಬಿರಿಯುವುದು ಯಾವಾಗಲೂ ಬಿಸಿ ತಣ್ಣನೆಯ ಹೊಡೆತಕ್ಕೆ. ಕುದಿಯುವ ಚಟ್ಟಿಗೆ ಬಾವಿಯ ತಣ್ಣೀರು ಹಾಕಬೇಡಿ, ಇಳಿಸಿ ಗ್ರಾನೈಟ್ ಕಟ್ಟೆಯ ಮೇಲಿಡಬೇಡಿ. ಸಿಂಬಿ ಅಥವಾ ಮಡಚಿದ ಗೋಣಿ ಇರಲಿ. ಸಾಬೂನನ್ನು ಮಣ್ಣು ಕುಡಿಯುತ್ತದೆ, ಮುಂದಿನ ಅಡುಗೆಗೆ ಬಿಡುತ್ತದೆ. ಬಿಸಿನೀರು, ನಾರು, ಜಿಡ್ಡಿದ್ದರೆ ಒಂದು ಹಿಡಿ ಕಡಲೆಹಿಟ್ಟು ಸಾಕು. ಮೀನಿನ ಚಟ್ಟಿ ಬೇರೆ, ಮೊಸರಿನದು ಬೇರೆ. ಒಳಗೆ ಹೊಳೆಯುವ ಬಣ್ಣದ ಮೆರುಗು ಇರುವ ಅಲಂಕಾರದ ಪಾತ್ರೆಯನ್ನು ಅಡುಗೆಗೆ ಪಳಗಿಸಲು ಹೋಗಬೇಡಿ. ಕೆಲವು ಮೆರುಗಿನಲ್ಲಿ ಸೀಸ ಇರುತ್ತದೆ, ಹುಳಿಗೆ ಅದು ಬಿಡುತ್ತದೆ.

ಹೊಸ ಕಡೆಯುವ ಕಲ್ಲು ಅಥವಾ ಗ್ರೈಂಡರಿಗೂ ಇದೇ ಪದ ಬಳಸುತ್ತಾರೆ. ನೆನೆಸಿದ ಒಂದು ಹಿಡಿ ಅಕ್ಕಿಯನ್ನು ಹತ್ತು ನಿಮಿಷ ಕಡೆದು ಚೆಲ್ಲಿ, ಹಿಟ್ಟು ಬಿಳಿಯಾಗಿ, ಬೆರಳ ನಡುವೆ ಕಲ್ಲಿನ ಹುಡಿ ಸಿಗದ ತನಕ ಮತ್ತೆ ಮತ್ತೆ ಮಾಡಬೇಕು.

ಮರ, ಕಟ್ಟಿಗೆ

‘ಸೀಸನ್ಡ್ ವುಡ್’ ಎಂದರೆ ನೀರಿನಂಶ ಇಳಿಸಿ ಒಣಗಿಸಿದ ಮರ. ಸೌದೆಯಾದರೆ ತೇವ ಶೇಕಡಾ 20ಕ್ಕಿಂತ ಕಡಿಮೆಯಿರಬೇಕು. ಅಷ್ಟು ಒಣಗಿದ ಎರಡು ಕೊಳ್ಳಿಗಳನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತವೆ, ಹಸಿಯವು ದಬ್ ಎನ್ನುತ್ತವೆ. ಹಸಿ ಕಟ್ಟಿಗೆಯ ಕಾವಿನ ಒಂದು ಪಾಲು ಅದರ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಹೊಗೆಯೂ ಹೆಚ್ಚು.

ಹಲಸಿನ ಮರದ ಸೌಟು, ತರಕಾರಿ ಹಲಗೆಗೆ ‘ಸೀಸನ್ ವಿತ್ ಆಯಿಲ್’ ಎಂದಿದ್ದರೆ ಎಣ್ಣೆ ಕುಡಿಸುವುದು. ಕಾಯಿಸುವ ಕೆಲಸವಿಲ್ಲ. ಕಬ್ಬಿಣಕ್ಕೆ ಬೇಡವಾದ ತೆಂಗಿನೆಣ್ಣೆ ಇಲ್ಲಿಗೆ ಒಳ್ಳೆಯದು: ಬೇಗ ಗಾಳಿಯೊಂದಿಗೆ ಬೆರೆಯದ ಗುಣದಿಂದಲೇ ಅದು ಬೇಗ ಕಮಟು ಹಿಡಿಯುವುದಿಲ್ಲ. ಸೂರ್ಯಕಾಂತಿ ಎಣ್ಣೆ ಸವರಿದ ಹಲಗೆ ಕೆಲವು ವಾರಕ್ಕೆ ಅಂಟಾಗಿ ವಾಸನೆ ಬರಬಹುದು. ಪೂರ್ತಿ ಒಣಗಿದ ಮರಕ್ಕೆ ಬೆಚ್ಚಗಿನ ಎಣ್ಣೆ ಸವರಿ, ರಾತ್ರಿ ಬಿಟ್ಟು, ಬೆಳಿಗ್ಗೆ ಒರಸಿ. ಮೊದಲ ವಾರ ಎರಡು ಮೂರು ಸಲ, ಆಮೇಲೆ ತಿಂಗಳಿಗೊಮ್ಮೆ. ನೀರು ಹನಿಸಿದಾಗ ಮರ ಹೀರದೆ ಹನಿಯಾಗಿಯೇ ನಿಂತರೆ ಇನ್ನು ಎಣ್ಣೆ ಬೇಡ.